ದೋಣಿಯ ಹೊಟ್ಟೆಯಲ್ಲೊಂದು ಕಿವಿ

ಅತ್ತೆಯ ಮುಂದಿನ ಎರಡು ಹಲ್ಲು ಮುರಿದ ದಿನವೇ ನಮ್ಮ ಮನೆಯವರ ಧೈರ್ಯವೂ ಮುರಿಯಿತು. ಹಲ್ಲಿನ ವಿಷಯ ನನ್ನ ಕೈಯಲ್ಲಿತ್ತು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಹಲ್ಲು ಕಟ್ಟಿ ಕೊಡುತ್ತೇನೆ. ಅದೇ ನನ್ನ ಕಸುಬು. ಅತ್ತೆಗೆ ಕಟ್ಟಿಕೊಟ್ಟ ಹಲ್ಲು ಎಷ್ಟು ಚೆನ್ನಾಗಿ ಕೂತಿತೆಂದರೆ ಅವರು ಮೊದಲಿಗಿಂತ ಜಾಸ್ತಿ ಮಾತಾಡಲು ಶುರು ಮಾಡಿದರು. ಮಾಡಿದ್ದುಣ್ಣುತ್ತಿದ್ದೇನೆ. ಧೈರ್ಯಕ್ಕೆ ಮಾತ್ರ ನನ್ನ ಬಳಿ ಅಚ್ಚಿರಲಿಲ್ಲ.

ನಮಗೊಂದು ಹಾಯಿದೋಣಿ ಇದೆ. ಮೂವರು ಮಲಗುವಷ್ಟು, ಮೊಣಕೈ ತಗುಲಿಸಿಕೊಂಡು ಬೈದಾಡುವಷ್ಟು ದೊಡ್ಡದು. ಪ್ರತಿ ಬೇಸಿಗೆಯಲ್ಲೂ ಅದರಲ್ಲಿ ಕೂತು ನದಿಯ ಬಾಯಿಗೆ ಬಂದು, ಅಲ್ಲಿರುವ ಮರಳುದಿಣ್ಣೆಯ ಮೇಲಿನ ತೆಳು ನೀರಲ್ಲಿ ನುಸುಳಿ, ಆಚೆಯ ಹಿನ್ನೀರಿಗೆ ಹೋಗುತ್ತಿದ್ದೆವು. ಆ ಹಿನ್ನೀರನ್ನು ಹೇಗೆ ಹೇಳಲಿ? ಅಲ್ಲಿ ಅಲೆಯೇ ಇಲ್ಲ. ಬೆಳಿಗ್ಗೆ ಎದ್ದು ನೋಡಿದರೆ ದೋಣಿಯ ಮೇಲೂ ಆಕಾಶ, ಕೆಳಗೂ ಆಕಾಶ. ಎಲ್ಲಿ ನೀರು ಮುಗಿದು ಎಲ್ಲಿ ಗಾಳಿ ಶುರುವಾಯಿತು ಎಂದು ಗೊತ್ತಾಗದೆ ಒಂದು ಕೊಕ್ಕರೆ ನಡುವೆ ನಿಂತಿರುತ್ತದೆ. ಅತ್ತೆ ಅದನ್ನು ತಮ್ಮ ತೊಟ್ಟಿಲು ಎನ್ನುತ್ತಿದ್ದರು. ಮನೆಯಲ್ಲಿ ಇಡೀ ರಾತ್ರಿ ಮಗ್ಗುಲು ಬದಲಿಸುವ ಅವರು ಅಲ್ಲಿ ಹಗಲೂ ಮಲಗುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ದಿಣ್ಣೆ ದಾಟುವಾಗ ದೋಣಿಯ ಅಡಿ ಒಂದು ಕಲ್ಲಿಗೆ ಬಡಿಯಿತು. ಒಳಗಿನ ಏಣಿ ಹತ್ತುತ್ತಿದ್ದ ಅತ್ತೆ ಮುಂದಕ್ಕೆ ಮುಗ್ಗರಿಸಿದರು. ಬಾಗಿಲಿನ ಅಂಚು ಅವರ ಬಾಯಿಗೆ ಬಡಿಯಿತು. ಚುಕ್ಕಾಣಿ ಹಿಡಿದಿದ್ದ ಇವರು ತಾಯಿಯ ಗಲ್ಲದಿಂದ ರಕ್ತ ಇಳಿಯುವುದನ್ನು ನೋಡಿದರು. ದೋಣಿಗೆ ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಅತ್ತೆ ಒಂದೇ ವಾರಕ್ಕೆ ಸೊಟ್ಟ ಬಾಯಲ್ಲೇ ನಗೆಯಾಡಿದರು. ಇವರು ಮಾತ್ರ ಮನೆಗೆ ಬಂದು ಚಪ್ಪಲಿ ಬಿಟ್ಟವರೇ, "ನನ್ನ ಅಳತೆ ತಪ್ಪಿತು," ಎಂದರು.

ಬೇರೆ ಯಾರ ಬಾಯಲ್ಲಾದರೂ ಇದು ಸಣ್ಣ ಮಾತು. ಇವರ ಬಾಯಲ್ಲಿ ಅಲ್ಲ. ಇವರು ತಕ್ಕಡಿ ರಿಪೇರಿ ಮಾಡುವವರು. ಊರಿನ ಅಂಗಡಿಗಳ ತಕ್ಕಡಿಯೆಲ್ಲ ಇವರ ಮೇಜಿನ ಮೇಲೆ ಬಂದು, ನೆಟ್ಟಗಾಗಿ ಹೋಗುತ್ತದೆ. ಮುಳ್ಳು ಕೂದಲೆಳೆಯಷ್ಟು ಓರೆ ನಿಂತರೂ ಇವರಿಗೆ ಊಟ ಸೇರುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಅಡುಗೆಗೆ ಉಪ್ಪನ್ನು ಅಂದಾಜಿನಲ್ಲಿ ಹಾಕುವುದನ್ನು ನೋಡಿ ಗಾಬರಿಯಾದವರು. ಅಂಥವರು ನನ್ನ ಅಳತೆ ತಪ್ಪಿತು ಎಂದರೆ, ತಮ್ಮನ್ನೇ ಕೆಟ್ಟ ತಕ್ಕಡಿ ಎಂದು ಮೂಲೆಗೆ ಎಸೆದುಕೊಂಡ ಹಾಗೆ.

ಅಲ್ಲಿಂದ ದೋಣಿ ಹಗ್ಗಕ್ಕೆ ಕಟ್ಟಿಕೊಂಡೇ ಕೂತಿತು. ಈ ಬೇಸಿಗೆ ಮುಗಿದರೆ ಅದನ್ನು ದೋಣಿಕಟ್ಟೆಯ ಮೇಸ್ತ್ರಿಗೆ ಮಾರುವುದು ಎಂದು ಇವರೇ ಮಾತು ಕೊಟ್ಟುಬಂದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಅದು ಗೊತ್ತಿದ್ದೇ ಕೇಳಲಿಲ್ಲ.

ನಿಜ ಹೇಳುತ್ತೇನೆ, ನನಗೆ ದೋಣಿಯ ಮೇಲೆ ಅಂಥ ಮೋಹವೇನಿಲ್ಲ. ಅಲ್ಲಿ ಸ್ನಾನಕ್ಕೆ ಒಂದು ತಂಬಿಗೆ ನೀರು, ಬಟ್ಟೆಯೆಲ್ಲ ಉಪ್ಪುಪ್ಪು. ನನಗೆ ಬೇಕಾಗಿದ್ದದ್ದು ದೋಣಿಯಲ್ಲಿ ಮಾತ್ರ ಸಿಗುತ್ತಿದ್ದ ಗಂಡ. ಚುಕ್ಕಾಣಿಯ ಹಿಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬರಿಗಾಲಲ್ಲಿ, ಯಾವ ರಾಗವೂ ಅಲ್ಲದ ರಾಗವೊಂದನ್ನು ಗುನುಗುತ್ತ ಕೂರುತ್ತಿದ್ದ ಮನುಷ್ಯ. ಈಗ ಮನೆಯಲ್ಲಿ ಇದ್ದವರು ಮೆಟ್ಟಿಲು ಇಳಿಯುವಾಗಲೂ ಒಂದು ಕಾಲಲ್ಲಿ ಮುಟ್ಟಿ ನೋಡಿ ಇನ್ನೊಂದು ಕಾಲಿಡುವವರು. ತಾಯಿ ಎದ್ದು ನಿಂತರೆ ಹಿಂದೆಯೇ ಎದ್ದು ನಿಲ್ಲುವವರು. ಅತ್ತೆಗೆ ಅದು ತಲೆಚಿಟ್ಟು.

"ನನಗೆ ಹೊಸ ಹಲ್ಲು ಬಂತು," ಅಂದರು ಒಂದು ದಿನ ಊಟದ ಹೊತ್ತಿನಲ್ಲಿ. "ನಿನಗೆ ಹೊಸ ಧೈರ್ಯ ಕಟ್ಟಿಕೊಡೋರು ಯಾರಪ್ಪ?"

"ಅಮ್ಮ, ನೀರಿನ ಕೆಳಗೆ ಏನಿದೆ ಅಂತ ನನಗೆ ಕಾಣಲ್ಲ. ಕಾಣದೇ ಇರೋದರ ಮೇಲೆ ನಿನ್ನ ಕೂರಿಸ್ಕೊಂಡು ಹೋಗಲಾರೆ," ಎಂದರು ಇವರು. ತಟ್ಟೆಯಿಂದ ಕಣ್ಣೆತ್ತಲಿಲ್ಲ.

ನನಗೆ ಆ ಮಾತೇ ಬೇಕಿತ್ತು. ಕಾಣದಿದ್ದರೆ ಕೇಳಿಸಿಕೊಳ್ಳಬಹುದಲ್ಲ ಎಂದು ಮರುದಿನವೇ ಮೇಸ್ತ್ರಿಯ ಹತ್ತಿರ ಹೋದೆ. ಅವನ ಅಂಗಡಿಯಲ್ಲಿ ನೀರಿನ ಆಳ ಹೇಳುವ ಯಂತ್ರವಿತ್ತು. ಎರಡು ಭಾಗ. ಒಂದು ಅಂಗೈಯಗಲದ ಪರದೆ, ಚುಕ್ಕಾಣಿಯ ಬಳಿ ಕೂರುವಂಥದ್ದು. ಇನ್ನೊಂದು ದಪ್ಪ ಬಿಲ್ಲೆ, ಬಾಲದ ಹಾಗೆ ಉದ್ದ ವೈರು. ಬಿಲ್ಲೆ ಕೆಳಕ್ಕೆ ಸದ್ದು ಕಳಿಸುತ್ತದೆ, ಸದ್ದು ನೆಲ ಮುಟ್ಟಿ ವಾಪಸು ಬರುತ್ತದೆ, ಬರಲು ಎಷ್ಟು ಹೊತ್ತಾಯಿತು ಎನ್ನುವುದರ ಮೇಲೆ ಆಳದ ಲೆಕ್ಕ. ಟ್ರಾನ್ಸ್‌ಡ್ಯೂಸರ್ ಎಂದ ಮೇಸ್ತ್ರಿ. ಮನೆಗೆ ತಂದಾಗ ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಓ, ಕಿವಿ," ಎಂದರು. ಅಲ್ಲಿಂದ ಅದು ಕಿವಿಯೇ.

ದೋಣಿಯ ತಳಕ್ಕೆ ತೂತು ಕೊರೆದು ಕಿವಿಯನ್ನು ಆಚೆಗೆ ಕೂರಿಸುವುದು ರೂಢಿಯಂತೆ. ನಾನು ಬೇಡವೆಂದೆ. ಗಟ್ಟಿ ಹಲ್ಲನ್ನು ಕೊರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಇವರಂತೂ ತೂತು ಎಂಬ ಮಾತಿಗೇ ದೋಣಿಯನ್ನು ಅಂದೇ ಕೈಬಿಡುತ್ತಿದ್ದರು.

"ಹಾಗಾದ್ರೆ ಒಳಗಡೆಯಿಂದ್ಲೇ ಅಂಟಿಸ್ಬೇಕು ಅಕ್ಕ," ಎಂದ ಮೇಸ್ತ್ರಿ. "ತಳ ಗಟ್ಟಿಯಿರೋ ಜಾಗ ಸಿಕ್ಕಿದ್ರೆ ಸದ್ದು ಅದರೊಳಗಿಂದಾನೇ ಹೋಗಿ ಬರುತ್ತೆ. ಆದ್ರೆ ಅಂಟಲ್ಲಿ ಒಂದು ಗಾಳಿ ಗುಳ್ಳೆ ಉಳೀತೋ, ಮುಗೀತು. ಸದ್ದು ಅಲ್ಲೇ ಸತ್ತುಹೋಗುತ್ತೆ. ಗುಳ್ಳೆ ಇಲ್ದೆ ಅಂಟು ಹೊಯ್ಯೋದು ಸುಮ್ನೆ ಮಾತಲ್ಲ."

ನನಗೆ ನಗು ಬಂತು. ಮೂವತ್ತು ವರ್ಷದಿಂದ ನಾನು ಹೊಡೆದಾಡುತ್ತಿರುವುದು ಇನ್ನಾರ ಜೊತೆ? ಅಚ್ಚಿನಲ್ಲಿ ಒಂದು ಗುಳ್ಳೆ ಉಳಿದರೆ ಯಾರದೋ ಒಸಡಿನ ಮೇಲೆ ಒಂದು ಗಂಟು ಏಳುತ್ತದೆ, ಅವರು ಊಟದ ಪ್ರತಿ ತುತ್ತಿಗೂ ನನ್ನನ್ನು ಬೈಯುತ್ತಾರೆ.

ಇವರು ಕಿವಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು. ಅತ್ತೆ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ತಲೆ ತಿಂದೆವು. ಕೊನೆಗೆ, "ಕೂರಿಸಿ ನೋಡೋಣ. ಒಂದೇ ಸಲ ಹೋಗೋದು. ನನ್ನ ಕೈಲಿ ಆಗಲಿಲ್ಲ ಅಂದ್ರೆ ವಾಪಸು ಬಂದು ಮೇಸ್ತ್ರಿಗೆ ಹಗ್ಗ ಕೊಟ್ಟುಬಿಡ್ತೀನಿ. ಆಮೇಲೆ ಇಬ್ಬರೂ ಈ ಮಾತು ಎತ್ತಕೂಡದು," ಎಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಆಗಲಿ ಎಂದೆ.

ಮೊದಲು ಜಾಗ ಹುಡುಕಬೇಕು. ದೋಣಿ ನೀರಲ್ಲೇ ಇರುವಾಗ, ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಅದರೊಳಗೆ ಕಿವಿಯಿಟ್ಟು ಬಾಯಿ ಕಟ್ಟಿ, ತಳದ ಮೇಲೆ ಅಲ್ಲಲ್ಲಿ ಒತ್ತಿ ನೋಡುವುದು. ಅಂಕಿ ಬಂದರೆ ಅದು ಸರಿಯಾದ ಜಾಗ. ಇವರು ಮೇಲೆ ಪರದೆಯ ಮುಂದೆ, ನಾನು ಕೆಳಗೆ ನೆಲದ ಹಲಗೆ ಎತ್ತಿ ಬೋರಲು ಮಲಗಿ, ಅತ್ತೆ ನಡುವೆ ಏಣಿಯ ಮೇಲೆ ಟಾರ್ಚು ಹಿಡಿದು.

"ಏನು ಬಂತು?" ಎಂದೆ, ಕೆಳಗಿನಿಂದ.

"ಗೆರೆ," ಎಂದರು ಇವರು ಮೇಲಿನಿಂದ. "ಅಂಕಿ ಇಲ್ಲ, ಬರೀ ಗೆರೆ."

ಇನ್ನೊಂದು ಕಡೆ ಒತ್ತಿದೆ. ಮತ್ತೆ ಗೆರೆ. ಆ ಭಾಗದಲ್ಲೆಲ್ಲ ಎರಡು ಪದರದ ನಡುವೆ ಹಗುರ ಮರ ತುಂಬಿದ್ದಾರೆ. ಸದ್ದು ಅದರಲ್ಲಿ ದಾರಿ ತಪ್ಪುತ್ತದೆ. ಗೆರೆ, ಗೆರೆ ಎಂದು ಅವರು ಹೇಳುವ ದನಿಯಲ್ಲಿ ಒಂದು ಸಮಾಧಾನ ಸೇರಿಕೊಳ್ಳುತ್ತಿತ್ತು. ಅದು ನನಗೆ ಕೇಳಿಸಿತು, ಮೈ ಉರಿಯಿತು. ಆಗ ಅತ್ತೆ ಟಾರ್ಚನ್ನು ಕಂಕುಳಿಗೆ ಸಿಕ್ಕಿಸಿ ಇಳಿದು ಬಂದು, ಮಡಕೆ ಕೊಳ್ಳುವವರ ಹಾಗೆ ಬೆರಳ ಗೆಣ್ಣಿನಿಂದ ತಳವನ್ನು ತಟ್ಟುತ್ತ ಹೋದರು. ಡಬ್, ಡಬ್, ಡಬ್. ಮುಂಭಾಗ ಮುಗಿದು, ಕೆಳಗೆ ನೀರೊಳಗೆ ಚಾಚಿರುವ ಭಾರದ ಅಲಗು, ಕೀಲ್, ಶುರುವಾಗುವ ಸ್ವಲ್ಪ ಮುಂಚೆ ಒಂದು ಕಡೆ ಟಣ್ ಎಂದಿತು.

"ಇಲ್ಲಿ ಇಡು," ಎಂದರು.

ಇಟ್ಟೆ.

"ಗೆರೆಯಾ?" ಎಂದೆ.

"ನಾಲ್ಕು ಮೀಟರ್," ಎಂದರು. ಆಮೇಲೆ ಕಟಕಟ ಸದ್ದು. ತಮ್ಮ ಮೇಜಿನಿಂದ ತಂದಿದ್ದ ಹಿತ್ತಾಳೆ ತೂಕದ ಬೊಟ್ಟಿಗೆ ದಾರ ಕಟ್ಟಿ ನೀರಿಗೆ ಬಿಡುತ್ತಿದ್ದರು. ದಾರ ಎಳೆದು ಅಳೆದರು. ಇನ್ನೊಮ್ಮೆ ಬಿಟ್ಟು ಇನ್ನೊಮ್ಮೆ ಅಳೆದರು. ಬಾಗಿಲಿನ ಚೌಕದಲ್ಲಿ ಅವರ ಮುಖ ತಲೆಕೆಳಗಾಗಿ ಕಾಣಿಸಿತು. "ಸರಿಯಾಗೇ ಹೇಳ್ತಿದೆ ಕಣೇ," ಎಂದರು, ಯಾರೋ ತಮಗೆ ಮೋಸ ಮಾಡಿದ ಹಾಗೆ.

ಅಂಟು ಹೊಯ್ಯುವ ದಿನ ನಾನು ಇಬ್ಬರನ್ನೂ ಮೇಲಕ್ಕೆ ಕಳಿಸಿದೆ. ಕೆಲಸದ ಹೊತ್ತಿನಲ್ಲಿ ನನ್ನ ಹಿಂದೆ ಉಸಿರಾಡುವವರು ನನಗಾಗದು. ಆ ಅಂಗೈಯಗಲ ಜಾಗವನ್ನು ಉಜ್ಜಿ, ಒರೆಸಿ, ಮತ್ತೆ ಉಜ್ಜಿದೆ. ಹಲ್ಲಿನ ಕೆಲಸಕ್ಕೆಂದು ನನ್ನ ಬಳಿ ಇರುವ ಗುಲಾಬಿ ಮೇಣವನ್ನು ಬೆಚ್ಚಗೆ ಮಾಡಿ, ಹೊಸೆದು, ಜಾಗದ ಸುತ್ತ ಒಂದು ಪುಟ್ಟ ಕಟ್ಟೆ ಕಟ್ಟಿದೆ. ಅಂಟಿನ ಎರಡು ಭಾಗಗಳನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ತೆಳುಮಾಡಿಕೊಂಡೆ. ಕಡೆಯುವಾಗ ಅವಸರ ಮಾಡಬಾರದು. ಅವಸರ ಮಾಡಿದರೆ ಗಾಳಿಯನ್ನು ನಾವೇ ಕೈಹಿಡಿದು ಒಳಗೆ ಕರೆದ ಹಾಗೆ. ಕಡೆದ ಮೇಲೆ ಕಟ್ಟೆಯ ಒಂದು ಮೂಲೆಯಿಂದ, ಎಳೆಯಾಗಿ, ಎಲ್ಲೂ ಕಡಿಯದಂತೆ ಹೊಯ್ದೆ. ಅದು ತಾನಾಗಿಯೇ ಹರಿದು, ತಾನಾಗಿಯೇ ಮಟ್ಟವಾಯಿತು. ಟಾರ್ಚಿನ ಬೆಳಕು ಬಿದ್ದಾಗ ಅದರೊಳಗೆ ಒಂದೇ ಒಂದು ಗುಳ್ಳೆ, ಸಾಸಿವೆಯಷ್ಟು, ನಿಧಾನವಾಗಿ ಏಳುತ್ತಿತ್ತು. ಸೂಜಿಯಿಂದ ಒಡೆದೆ. ಆಮೇಲೆ ಕಿವಿಯನ್ನು ಓರೆಯಾಗಿ ಹಿಡಿದು, ಒಂದಂಚು ಮೊದಲು ಮುಳುಗಿಸಿ, ತಿರುಗಿಸುತ್ತ ತಿರುಗಿಸುತ್ತ ಕೂರಿಸಿದೆ.

ಅದು ಗಟ್ಟಿಯಾಗುವವರೆಗೆ ಅಲುಗಬಾರದು. ಕೈಯೊತ್ತಿ ಹಿಡಿದು ಪಕ್ಕದಲ್ಲೇ ಒರಗಿದೆ. ಅಂಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ. ದೋಣಿ ಹಗುರವಾಗಿ ತೂಗುತ್ತಿತ್ತು. ಕೆನ್ನೆಯ ಕೆಳಗೆ ಬೆರಳು ದಪ್ಪದ ತಳ, ಅದರಾಚೆ ನೀರು. ನೀರು ದೋಣಿಯ ಹೊಟ್ಟೆಯನ್ನು ಸವರಿಕೊಂಡು ಹೋಗುವ ಸದ್ದು, ಹಾಸಿಗೆಯ ಆಚೆ ಮಗ್ಗುಲಲ್ಲಿ ಯಾರೋ ನಿದ್ದೆಯಲ್ಲಿ ಮಾತಾಡುವ ಸದ್ದು. ಅರೆನಿದ್ದೆ ಬಂತು. ನಾನು ಮಲಗಿರುವುದು ಮೇಲಕ್ಕೋ ಕೆಳಕ್ಕೋ ತಿಳಿಯದಾಯಿತು. ಎಷ್ಟೋ ಬಾಯಿಗಳು, ನಾನು ಹಲ್ಲು ಕಟ್ಟಿಕೊಟ್ಟ ಬಾಯಿಗಳೆಲ್ಲ, ನೀರಿನ ಕೆಳಗಿನಿಂದ ತೆರೆದು ಮುಚ್ಚಿ ಏನೋ ಹೇಳುತ್ತಿದ್ದವು. ಬೈಗುಳ ಅಲ್ಲ ಎಂಬುದಷ್ಟೇ ಗೊತ್ತಾಯಿತು. ಎಚ್ಚರವಾದಾಗ ಅಂಟು ಕಲ್ಲಾಗಿತ್ತು, ನನ್ನ ಕೈ ಜೋಮು ಹಿಡಿದಿತ್ತು.

ವೈರು ಸೇರಿಸಿ ಯಂತ್ರ ಹಚ್ಚಿದಾಗ ಅಂಕಿ ಬಂತು. ಅತ್ತೆ ತಳಕ್ಕೆ ಕಿವಿಯಿಟ್ಟು, "ಟಿಕ್ ಟಿಕ್ ಅಂತಿದೆ. ನಿಮ್ಮಿಬ್ಬರಿಗೂ ಕೇಳಲ್ವಾ?" ಎಂದರು. ನಮಗೂ ಕೇಳಿಸಿತು. ದೋಣಿಗೆ ಹೊಟ್ಟೆಯೊಳಗೇ ಕಿವಿ ಬಂದಿತ್ತು.

ಇನ್ನೊಂದೇ ಕೆಲಸ ಉಳಿದಿತ್ತು, ಎಡವಟ್ಟು ಆದದ್ದು ಅಲ್ಲೇ. ಕಿವಿಯಿರುವುದು ದೋಣಿಯ ತಳದಲ್ಲಿ. ಆದರೆ ದೋಣಿ ಮಗುಚದಿರಲಿ ಎಂದು ತಳದಿಂದ ಕೆಳಕ್ಕೆ ಭಾರದ ಕೀಲ್ ಚಾಚಿಕೊಂಡಿದೆ; ನೆಲ ಮೊದಲು ತಗುಲುವುದು ಅದಕ್ಕೆ. ಕಿವಿಯಿಂದ ಕೀಲ್‌ನ ತುದಿಯವರೆಗಿನ ಅಳತೆಯನ್ನು ಯಂತ್ರಕ್ಕೆ ಹೇಳಿದರೆ, ಅದನ್ನು ಕಳೆದು, ಕೀಲ್‌ನ ಅಡಿಗೆ ಎಷ್ಟು ನೀರು ಉಳಿದಿದೆ ಎಂದು ಮಾತ್ರ ತೋರಿಸುತ್ತದೆ. ಆಮೇಲೆ ಸೊನ್ನೆ ಎಂದರೆ ನೆಲ. ಇವರ ಬಳಿ ಅಳತೆ ಇತ್ತು: ಒಂದು ಮೀಟರು ಹತ್ತು ಸೆಂಟಿಮೀಟರು. "ಅಷ್ಟೇ ಇಡು," ಎಂದು ಹೇಳಿ ಹಗ್ಗ ನೋಡಲು ಹೋದರು.

ನಾನು ಒಂದು ಮೀಟರು ಮೂವತ್ತು ಇಟ್ಟೆ. ಒಂದು ಗೇಣು ಜಾಸ್ತಿ. ನೀರು ಇರುವುದಕ್ಕಿಂತ ಒಂದು ಗೇಣು ಕಡಿಮೆ ಕಾಣಲಿ, ಇವರು ಮುಂಚೆಯೇ ಹುಷಾರಾಗಲಿ, ಸೊನ್ನೆ ಬಂದರೂ ಕೀಲ್‌ನ ಅಡಿಗೆ ಒಂದು ಗೇಣು ನೀರು ಉಳಿದಿರಲಿ ಎಂದು. ಇವರಿಗೆ ಹೇಳಲಿಲ್ಲ. ಸುಳ್ಳು ಅಳತೆ ಎಂದರೆ ಇವರಿಗೆ ಎಂಥ ಕೋಪವೆಂದು ಗೊತ್ತು. ತೂಕದ ಬೊಟ್ಟಿನ ಅಡಿ ಕೊರೆಸಲು ಬಂದ ಅಂಗಡಿಯವನೊಬ್ಬನನ್ನು ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಅಟ್ಟಿದವರು. ಆದರೂ ಇಟ್ಟೆ. ಹೆದರಿದ ಗಂಡನನ್ನು ಕಾಯಲು ಒಂದು ಗೇಣು ಸುಳ್ಳು ಹೆಚ್ಚೇನಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಸಂಜೆ ನಾನು ಹಲಗೆಗಳನ್ನೆಲ್ಲ ಮುಚ್ಚಿ ಮೇಲೆ ಬಂದಾಗ ಇವರು ಪರದೆಯ ಗುಂಡಿಗಳನ್ನು ಒತ್ತುತ್ತ ಕೂತಿದ್ದರು.

"ಏನು ಮಾಡ್ತಿದೀರಿ?" ಎಂದೆ.

"ಏನಿಲ್ಲ. ಅಂಕಿ ಸರಿಯಾಗಿ ಕಾಣ್ತಾ ಇರಲಿಲ್ಲ," ಎಂದರು. ಪರದೆಯ ಬೆಳಕು ಹೆಚ್ಚು ಮಾಡುತ್ತಿರಬೇಕು ಎಂದುಕೊಂಡು ನಾನು ಮೇಣದ ಚೂರುಗಳನ್ನು ಆರಿಸಲು ಹೋದೆ.

ಹೊರಟ ದಿನ ಮಂಜು. ದಟ್ಟ ಮಂಜಲ್ಲ, ಮಗುವಿನ ಸೊಳ್ಳೆಪರದೆಯಷ್ಟು ತೆಳು. ನೀರು ಇಳಿಯುವಾಗ ಬೇಡ, ಏರುವಾಗಲೇ ದಾಟಬೇಕು ಎಂದು ಇವರು ಹೊತ್ತು ನೋಡಿ ಹೊರಟಿದ್ದರು. ಹಾಯಿ ಅರ್ಧ ಮಾತ್ರ ಬಿಚ್ಚಿತ್ತು. ಗಾಳಿ ಇದೆಯೋ ಇಲ್ಲವೋ ಎನ್ನುವಂತಿತ್ತು. ದಡ ಹಿಂದೆ ಸರಿಯಿತೋ ಕರಗಿತೋ, ನೋಡನೋಡುತ್ತ ಇಲ್ಲವಾಯಿತು. ಮನೆಗಳ ಗೋಡೆಗಳಿಲ್ಲದೆ ಕಿಟಕಿಗಳಷ್ಟೇ ಸ್ವಲ್ಪ ಹೊತ್ತು ಮಂಜಿನಲ್ಲಿ ನಿಂತಿದ್ದವು. ಆಮೇಲೆ ಅವೂ ಇಲ್ಲ. ನಾವು ಮೂವರು, ಪರದೆಯ ಮೇಲಿನ ಅಂಕಿ, ಬೇರೇನೂ ಉಳಿಯಲಿಲ್ಲ.

ಅತ್ತೆಯನ್ನು ಇವರು ನಡುವೆ ಕೂರಿಸಿ, ಬೆನ್ನಿಗೆ ದಿಂಬು, ಎದೆಗೆ ದಿಂಬು ಕೊಟ್ಟಿದ್ದರು. "ಗಾಜಿನ ಪಾತ್ರೆ ಕಟ್ಟಿದಂಗೆ ಕಟ್ಟಿದಾನೆ ನೋಡೇ," ಎಂದು ಅತ್ತೆ ನನ್ನತ್ತ ಕಣ್ಣು ಮಿಟುಕಿಸಿದರು. ಇವರು ನಗಲಿಲ್ಲ. ಹಿಡಿ ಕಂಕುಳಲ್ಲಿ ಇರಲಿಲ್ಲ. ಎರಡೂ ಕೈಯಲ್ಲಿ ಹಿಸುಕಿ ಹಿಡಿದಿದ್ದರು.

ಮೂರು ಎಂದಿತು ಪರದೆ. ಎರಡೂವರೆ. ಎರಡು. ನೀರಿನ ಬಣ್ಣ ಕಪ್ಪಿನಿಂದ ಹಸಿರಿಗೆ, ಹಸಿರಿನಿಂದ ಚಹಾದ ಬಣ್ಣಕ್ಕೆ ತಿರುಗಿತು. ದಿಣ್ಣೆ ಬಂತೆಂದು ಮೂವರಿಗೂ ಗೊತ್ತಾಯಿತು. ಒಂದು. ಅರ್ಧ. ಸೊನ್ನೆ ದಶಾಂಶ ಮೂರು.

"ತಿರುಗಿಸ್ತೀನಿ," ಎಂದರು ಇವರು. "ಆಗಲಿಲ್ಲ. ಕ್ಷಮಿಸಿ ಇಬ್ಬರೂ. ತಿರುಗಿಸಿಬಿಡ್ತೀನಿ."

ಅವರು ತಿರುಗಿಸಿದರೆ ಎಲ್ಲ ಮುಗಿಯಿತು. ದೋಣಿಯ ಹಗ್ಗ ಮೇಸ್ತ್ರಿಗೆ, ಅತ್ತೆಯ ತೊಟ್ಟಿಲು ಮಂಜಿಗೆ, ನನ್ನ ಗಂಡ ಮೆಟ್ಟಿಲು ಮುಟ್ಟಿ ನೋಡುವ ಕೆಲಸಕ್ಕೆ.

"ತಿರುಗಿಸ್ಬೇಡಿ. ಹೀಗೇ ಹೋಗಿ, ನೀರಿದೆ," ಎಂದೆ.

"ಎಲ್ಲಿದೆ? ಸೊನ್ನೆ ಹತ್ತಿರ ಬಂತು ನೋಡು."

"ಅದು ಸುಳ್ಳು. ಅದರಲ್ಲಿ ಒಂದು ಗೇಣು ನಾನು ಕದ್ದಿಟ್ಟಿದೀನಿ. ಸೊನ್ನೆ ಬಂದರೂ ಇನ್ನೊಂದು ಗೇಣು ನೀರು ಇರುತ್ತೆ. ಬೈಯೋದಿದ್ರೆ ಆಮೇಲೆ ಬೈರಿ, ಈಗ ನೆಟ್ಟಗೆ ಹೋಗಿ."

ಇವರು ಪರದೆಯನ್ನು ಬಿಟ್ಟು ನನ್ನ ಮುಖ ನೋಡಿದರು. ಆ ಮುಖದಲ್ಲಿ ಕೋಪ ಇರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ಅದನ್ನ ನಾನು ಅವತ್ತು ಸಂಜೇನೇ ಸರಿ ಮಾಡಿದೆ ಕಣೇ," ಎಂದರು.

ಸೊನ್ನೆ ದಶಾಂಶ ಒಂದು. ಸೊನ್ನೆ.

ತಕ್ಕಡಿ ರಿಪೇರಿಯವರು ಇಟ್ಟ ಅಳತೆ. ಸೊನ್ನೆ ಅಂದರೆ ಸೊನ್ನೆಯೇ ಆಗಿತ್ತು.

ದೋಣಿ ನೆಲ ಮುಟ್ಟಿತು. ಹಿಟ್ಟಿನ ಚೀಲವನ್ನು ಹುಷಾರಾಗಿ ನೆಲಕ್ಕಿಳಿಸಿದಾಗ ಬರುವಷ್ಟೇ ಸದ್ದು. ಒಮ್ಮೆ ನಿಟ್ಟುಸಿರಿಟ್ಟ ಹಾಗೆ ಮುಂದಕ್ಕೆ ಸರಿದು, ಮರಳಲ್ಲಿ ಕೀಲ್ ಊರಿ ನಿಂತುಬಿಟ್ಟಿತು. ಹಾಯಿ ಒಂದೆರಡು ಸಲ ಪಟಪಟ ಎಂದು ಸುಮ್ಮನಾಯಿತು.

ಇವರು ಹಿಡಿ ಬಿಟ್ಟು ತಾಯಿಯ ಕಡೆ ಹಾರಿದರು. ದಿಂಬುಗಳ ನಡುವೆ ಅತ್ತೆ ಅಲುಗಿಯೂ ಇರಲಿಲ್ಲ. ಹೆಬ್ಬೆರಳಿನಿಂದ ಮುಂದಿನ ಹಲ್ಲನ್ನು ಒಂದಾದಮೇಲೊಂದು ಒತ್ತಿ ನೋಡಿಕೊಂಡರು.

"ಎರಡೂ ಇದಾವೆ," ಎಂದರು. ಆಮೇಲೆ ದೋಣಿಯ ಆಚೆ ಬಗ್ಗಿ ನೋಡಿ, "ಇಷ್ಟೇನಾ? ಒಂದು ವರ್ಷ ಇದಕ್ಕೆ ಹೆದರಿಕೊಂಡು ಕೂತಿದ್ಯಾ ನೀನು?" ಎಂದರು.

ಇವರು ತಾಯಿಯ ಮುಂದೆ ಕುಸಿದು ಕೂತರು. ನನಗೆ ಅಳು ಬಂತು, ಅಳು ಬಂದರೆ ನಾನು ಜಗಳ ತೆಗೆಯುವವಳು.

"ಸರಿ ಮಾಡಿದೆ ಅಂತ ಬಾಯಿ ಬಿಟ್ಟು ಹೇಳಬಾರದಿತ್ತಾ ನೀವು?"

"ಕದ್ದೆ ಅಂತ ನೀನು ಹೇಳಿದ್ಯಾ?"

"ಹೇಳಿದ್ರೆ ನೀವು ಇರಿಸ್ತಿದ್ರಾ?"

"ಇಲ್ಲ," ಎಂದರು ಇವರು. "ಆ ಅಂಕಿ ನೋಡಿದ ಕೂಡ್ಲೇ ಯಾಕೆ ಇಟ್ಟಿದೀಯ ಅಂತ ಗೊತ್ತಾಯ್ತು. ನನಗೋಸ್ಕರ ಇಟ್ಟಿದ್ದನ್ನ ತಪ್ಪು ಅಂತ ನಿನ್ನ ಮುಂದೆ ಹೇಳೋಕೆ ಮನಸ್ಸು ಬರಲಿಲ್ಲ. ತಪ್ಪು ಅಂತ ಗೊತ್ತಿದ್ದು ಬಿಡೋಕೂ ಕೈ ಬರಲಿಲ್ಲ. ಸುಮ್ಮನೆ ಸರಿ ಮಾಡಿದೆ."

ಮೂವತ್ತು ವರ್ಷ ಜೊತೆಗಿದ್ದು, ಒಬ್ಬರನ್ನೊಬ್ಬರು ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡು, ಇಬ್ಬರೂ ಸೇರಿ ದೋಣಿಯನ್ನು ನೆಟ್ಟಗೆ ಮರಳಿಗೆ ತಂದು ಕೂರಿಸಿದ್ದೆವು.

ನೀರು ಏರುವವರೆಗೆ ಕಾಯುವುದಷ್ಟೇ ಕೆಲಸ. ಮಂಜು ಬಿಳಿಯಿಂದ ಹಳದಿಯಾಯಿತು. ಸೂರ್ಯ ಎಲ್ಲೋ ಇದ್ದ, ಎಲ್ಲಿ ಎಂದು ಹೇಳುವಂತಿರಲಿಲ್ಲ. ಅತ್ತೆ ದಿಂಬಿಗೆ ತಲೆಯಿಟ್ಟು ಅಲ್ಲೇ ನಿದ್ದೆ ಹೋದರು. ನಾನು ಕೆಳಗಿಳಿದು, ಹಲಗೆ ಎತ್ತಿ, ನನ್ನ ಅಂಟು ಸರಿಯಿದೆಯೇ ಎಂದು ನೋಡಿ, ಸರಿಯಿದೆ ಎಂದು ಕಂಡ ಮೇಲೂ ಅಲ್ಲೇ ಕೆನ್ನೆಯಿಟ್ಟು ಮಲಗಿದೆ. ಟಿಕ್, ಟಿಕ್ ಎನ್ನುತ್ತಿತ್ತು. ಇಷ್ಟು ಹತ್ತಿರ ನೆಲವಿದ್ದರೂ ಅದು ಕೇಳುವುದನ್ನು ಬಿಟ್ಟಿರಲಿಲ್ಲ.

ಆಗ ಮೇಲೆ ಏನೋ ನೀರಿಗೆ ಬಿದ್ದ ಸದ್ದಾಯಿತು. ಏಳಬೇಕೆನ್ನುವಷ್ಟರಲ್ಲಿ, ನನ್ನ ಕೆನ್ನೆಯ ಆಚೆಗೆ, ತಳದ ಹೊರಗಡೆಯಿಂದ, ಯಾರೋ ತಟ್ಟಿದರು. ಟಣ್, ಟಣ್.

ಇವರು. ಎದೆಮಟ್ಟದ ನೀರಿಗೆ ಇಳಿದು, ಒಂದು ವರ್ಷ ಹೆದರಿದ್ದ ಆ ನೆಲದ ಮೇಲೆ ಕಾಲೂರಿ, ದೋಣಿಯ ಸುತ್ತ ನಡೆಯುತ್ತಿದ್ದರು. ತಟ್ಟುತ್ತ ತಟ್ಟುತ್ತ ಕಿವಿಯಿರುವ ಜಾಗ ಹುಡುಕಿದ್ದರು. ನಾನು ಒಳಗಿನಿಂದ ತಟ್ಟಿದೆ. ಅವರು ಹೊರಗಿನಿಂದ ತಟ್ಟಿದರು. ನಮ್ಮಿಬ್ಬರ ನಡುವೆ ಒಂದು ಬೆರಳು ದಪ್ಪದ ತಳ, ಅದರಲ್ಲಿ ಒಂದೂ ಗುಳ್ಳೆ ಇಲ್ಲ. ಎಷ್ಟು ಹೊತ್ತು ಹಾಗೆ ತಟ್ಟಿಕೊಂಡೆವೋ ಗೊತ್ತಿಲ್ಲ. ಆಮೇಲೆ ನೀರಿನೊಳಗಿನಿಂದ, ತಳದೊಳಗಿನಿಂದ, ತೆಳ್ಳಗೆ, ರಾಗವಲ್ಲದ ಆ ರಾಗ ಕೇಳಿಸಿತು. ಅವರು ಗುನುಗುತ್ತಿದ್ದರು. ನಾನು ಅಲ್ಲೇ, ಆ ಇಕ್ಕಟ್ಟಿನಲ್ಲೇ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮೇಲೆ ಬಂದಾಗ ಅವರೂ ಏಣಿ ಹತ್ತಿ ಬಂದಿದ್ದರು. ಬಟ್ಟೆಯಿಂದ ನೀರು ಸುರಿಯುತ್ತಿತ್ತು. "ಮರಳು ಮೆತ್ತಗಿದೆ," ಎಂದರು. "ಕಲ್ಲು ಇನ್ನೂ ಅಲ್ಲೇ ಇದೆ. ನಾವು ಎಡಕ್ಕೆ ಹೋದ್ರೆ ಸಿಗಲ್ಲ." ಪರದೆಯಲ್ಲಿ ಸೊನ್ನೆ ಮಿಸುಕಿ ಸೊನ್ನೆ ದಶಾಂಶ ಒಂದಾಯಿತು. ದೋಣಿ ಕಾಲಡಿಯಲ್ಲಿ ಅಲುಗಿತು. ಹಿಂದಕ್ಕೆ ಹೋಗಲು ಅಷ್ಟು ಸಾಕಿತ್ತು. ಮನೆಯ ದಾರಿ ಹಿಂದೆ ಆಳವಾಗಿ ಬಿದ್ದುಕೊಂಡಿತ್ತು. ನಾನು ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ನಿಂತೆ. ಇವರು ಸೊನ್ನೆ ದಶಾಂಶ ಎರಡು ಆಗುವವರೆಗೆ ಕಾದು, ಹಿಡಿಯನ್ನು ಕಂಕುಳಿಗೆ ಸೇರಿಸಿ, ಎಡಕ್ಕೆ ತಿರುಗಿಸಿ ಮುಂದಕ್ಕೆ ಬಿಟ್ಟರು.

ಹಿನ್ನೀರು ಹೋದ ವರ್ಷಗಳಲ್ಲಿ ಹೇಗಿತ್ತೋ ಹಾಗೇ ಇತ್ತು. ಕೊಕ್ಕರೆಯೂ ಇತ್ತು, ಅದೇ ಕೊಕ್ಕರೆ ಎಂದು ನಾನು ಪ್ರಮಾಣ ಮಾಡಲಾರೆ. ಲಂಗರು ಇಳಿಸಿದ ಸದ್ದಿಗೆ ಅತ್ತೆ ಕಣ್ಣು ಬಿಟ್ಟು, ಮೇಲೊಂದು ಆಕಾಶ ಕೆಳಗೊಂದು ಆಕಾಶ ನೋಡಿ, "ಬಂದ್ವಾ?" ಎಂದು ಮತ್ತೆ ಕಣ್ಣು ಮುಚ್ಚಿದರು. ಇವರು ಒದ್ದೆ ಬಟ್ಟೆಯಲ್ಲೇ ಪರದೆಯ ಮುಂದೆ ಕೂತು ಗುಂಡಿ ಒತ್ತತೊಡಗಿದರು. ಬಗ್ಗಿ ನೋಡಿದೆ. ಒಂದು ಮೀಟರು ಹತ್ತು ಇದ್ದದ್ದು ನಿಧಾನವಾಗಿ ಏರಿ ಏರಿ ಒಂದು ಮೀಟರು ಮೂವತ್ತಕ್ಕೆ ಬಂದು ನಿಂತಿತು.

"ನಿಮ್ಮ ಕೈಯಾರೆ ಸುಳ್ಳು ಅಳತೆನಾ?" ಎಂದೆ.

"ಈಗ ನಿನಗೂ ಗೊತ್ತು, ನನಗೂ ಗೊತ್ತು," ಎಂದರು. "ಇಬ್ಬರಿಗೂ ಗೊತ್ತಿರೋದು ಸುಳ್ಳು ಹೇಗಾಗುತ್ತೆ?"

"ಮೇಸ್ತ್ರಿ ಹಗ್ಗ ಕೇಳೋಕೆ ಬಂದ್ರೆ ಏನು ಹೇಳ್ತೀರಿ?"

"ದೋಣಿಗೆ ಕಿವಿ ಬಂದಿದೆ, ಈಗ ಅದು ಬೇರೆಯವರ ಮಾತು ಕೇಳಲ್ಲ ಅಂತೀನಿ."

ಕಣ್ಣು ಮುಚ್ಚಿಕೊಂಡೇ ಅತ್ತೆ ನಕ್ಕರು. ಹಲ್ಲು ಚೆನ್ನಾಗಿ ಕೂತಿತ್ತು.